ಹಳದಿಯವರ ಹಲಗೆ ನೆಲ

ಸೊಪ್ಪನ್ನು ಮೂರನೆಯ ನೀರಿಗೆ ಹಾಕಿ ಅರ್ಲೀತಾ ಒಳಗೆ ಕೈಯಾಡಿಸುತ್ತಿದ್ದಳು. ಕಾಲರ್ಡ್ ಸೊಪ್ಪಿನ ಸ್ವಭಾವವೇ ಹಾಗೆ. ಎರಡು ನೀರಿಗೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ ಕಾಣುತ್ತದೆ, ಮೂರನೆಯದಕ್ಕೆ ಸಿಂಕಿನ ತಳದಲ್ಲಿ ಮತ್ತೆ ಮರಳು ಕೂರುತ್ತದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದಳು. ಅದರೊಳಗಿಂದ ಜಕೀಯಾಳ ದನಿ ಬರುತ್ತಿತ್ತು.

"ಕಾಲೇಜ್ ಹಾಲ್ ಕ್ಯಾನ್ಸಲ್ ಆಗೋಯ್ತು, ಸೊರೋರ್ ಬಿನ್ಯನ್."

ಅರ್ಲೀತಾ ಕೈ ನೀರಲ್ಲೇ ಬಿಟ್ಟಳು. "ಯಾವಾಗಿನ ಹಾಲ್? ಶನಿವಾರದ್ದಾ?"

"ಶನಿವಾರದ್ದೇ."

"ಜನವರಿಯಲ್ಲೇ ಹೇಳಿಟ್ಟಿದ್ವಲ್ಲೇ!"

"ಹೇಳಿಟ್ಟಿದ್ದು ನಿಜ. ಆದ್ರೆ ನಮ್ಮ ಪರವಾಗಿ ಹೇಳಿಟ್ಟಿದ್ದ ಆಫೀಸೇ ಈಗಿಲ್ಲ. ಇಲ್ಲದೇ ಇರೋ ಆಫೀಸು ಕೇಳಿದ್ದನ್ನ ಯಾರಿಗೆ ಕೊಡೋದು ಅಂತಾರೆ. ನಗ್‌ನಗ್ತಾ ಹೇಳಿದ್ರು ಸೊರೋರ್. ಬೈದಿದ್ರೇ ವಾಸಿ ಇತ್ತು."

ಅಲಬಾಮಾದಲ್ಲಿ ಆ ಕಾನೂನು ಬಂದಾಗಿನಿಂದ ಎಲ್ಲವೂ ಹೀಗೇ ನಗುನಗುತ್ತಲೇ ನಡೆಯುತ್ತಿತ್ತು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೈಬಣ್ಣದ ಹೆಸರಿನಲ್ಲಿ, ಸಂಸ್ಕೃತಿಯ ಹೆಸರಿನಲ್ಲಿ ಯಾವ ಕಚೇರಿಯೂ ಇರಕೂಡದು ಎಂದಾಯಿತು. ಕಪ್ಪು ಮಕ್ಕಳು ಬಂದು ಕೂರುತ್ತಿದ್ದ ಕೋಣೆಗಳ ಬಾಗಿಲಿನಿಂದ ಬೋರ್ಡುಗಳು ಹೋದವು. ಅವರ ಕೆಲಸ ನೋಡಿಕೊಳ್ಳುತ್ತಿದ್ದವರನ್ನು ಬೇರೆ ಬೇರೆ ಕಡೆಗೆ ಹಾಕಿದರು. ಸಂಘಗಳನ್ನು ಮುಚ್ಚಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಕೂರುವ ಕುರ್ಚಿಗಳನ್ನು ಒಂದೊಂದಾಗಿ ಎಳೆದುಕೊಂಡರು, ಅಷ್ಟೆ.

ಅರ್ಲೀತಾಳದು ನೇರಳೆ ಬಣ್ಣದ ಸಂಘ, ಕಾಲೇಜಿನಲ್ಲಿ ಸೇರಿದ ಹೆಣ್ಣುಮಕ್ಕಳು ಜೀವಮಾನವಿಡೀ ಬಿಡದ ಸಂಘ. ಅದಕ್ಕೆ ಮೂರು ಗ್ರೀಕ್ ಅಕ್ಷರಗಳ ಹೆಸರಿದೆ, ಆದರೆ ಊರಲ್ಲಿ ಎಲ್ಲರೂ ನೇರಳೆಯವರು ಎಂದೇ ಕರೆಯುವುದು. ಬಿಳಿಯ ಹುಡುಗಿಯರ ಸಂಘಗಳು ಬಾಗಿಲು ತೆರೆಯದಿದ್ದ ಕಾಲದಲ್ಲಿ ಅಜ್ಜಿಯಂದಿರು ತಾವೇ ಕಟ್ಟಿಕೊಂಡ ಮನೆ ಅದು. ಅದರೊಳಗಿನವರು ಒಬ್ಬರನ್ನೊಬ್ಬರು ಕರೆಯುವುದು ಸೊರೋರ್ ಎಂದು. ಅರ್ಥ ಸೋದರಿ ಅಂತಲೇ. ಆದರೆ ಚರ್ಚಿನಲ್ಲಿ ಕಂಡಕಂಡವರಿಗೆ ಹಂಚುವ 'ಸಿಸ್ಟರ್' ಅದಲ್ಲ, ಒಡಹುಟ್ಟಿದವಳನ್ನು ಕರೆಯುವ ಮಾತೂ ಅಲ್ಲ. ಒಂದೇ ಬಣ್ಣ ಉಟ್ಟು ಒಂದೇ ಮಾತು ಕೊಟ್ಟವರ ನಡುವೆ ಮಾತ್ರ ಓಡಾಡುವ ಶಬ್ದ. ಹೊರಗಿನವಳಿಗೆ, ಅದರಲ್ಲೂ ಬೇರೆ ಬಣ್ಣದ ಸಂಘದವಳಿಗೆ ಹಾಗೆ ಅನ್ನುವುದೆಂದರೆ ಗಂಡನ ಹೆಸರು ಹಿಡಿದು ಪಕ್ಕದ ಮನೆಯವನನ್ನು ಕರೆದಷ್ಟು ಎಡವಟ್ಟು.

ಆ ಶನಿವಾರ ಆರು ಹೊಸ ಹುಡುಗಿಯರು ಮುಸುಕು ತೆಗೆಯುವ ದಿನ. ಸಾಲಾಗಿ ಬಂದು, ನೆಲಕ್ಕೆ ಕಾಲು ಬಡಿದು ತಾಳದ ಹೆಜ್ಜೆ ಹಾಕಿ, ಮುಖದ ಮುಸುಕು ತೆಗೆದು, ಊರಿನೆದುರು ತಮ್ಮ ಹೆಸರನ್ನು ತಾವೇ ಕೂಗಿ ಹೇಳಬೇಕು. ಹೇಳುವ ತನಕ ಅವರು ಸೊರೋರ್ ಅಲ್ಲ. ಜಕೀಯಾ ಮತ್ತು ಅವಳ ಜೊತೆಯವರು ಮೇ ತಿಂಗಳಲ್ಲಿ ಓದು ಮುಗಿಸಿ ಹೋಗುತ್ತಾರೆ. ಅಷ್ಟರೊಳಗೆ ಈ ಆರು ಮಂದಿ ಹೆಸರು ಹೇಳದಿದ್ದರೆ ಕ್ಯಾಂಪಸ್ಸಿನಲ್ಲಿ ನೇರಳೆ ಉಡಲು ಒಬ್ಬಳೂ ಉಳಿಯುವುದಿಲ್ಲ. ಒಮ್ಮೆ ಖಾಲಿಯಾದ ಶಾಖೆಯನ್ನು ಈ ಕಾಲದಲ್ಲಿ ಮತ್ತೆ ತೆರೆಯಲು ಬಿಡುವವರು ಯಾರು?

"ಚರ್ಚಿನ ಹಾಲ್ ಕೇಳಣ್ವಾ?" ಅಂದಳು ಜಕೀಯಾ.

"ಅಲ್ಲಿ ಹೊಸ ಕಾರ್ಪೆಟ್ ಹಾಕಿದಾರೆ. ಕಾರ್ಪೆಟ್ ಮೇಲೆ ಹೆಜ್ಜೆ ಹಾಕೋದು ಅಂದ್ರೆ ದಿಂಬಿಗೆ ಚಪ್ಪಾಳೆ ತಟ್ಟಿದ ಹಾಗೆ. ಪಾರ್ಕಿಂಗ್ ಜಾಗದಲ್ಲಿ?"

"ಶನಿವಾರ ಮಳೆ ಅಂತಿದಾರೆ. ಇನ್ನೊಂದು ಜಾಗ ಇದೆ, ಸೊರೋರ್..."

"ಬೇಡ."

"ನಾನಿನ್ನೂ ಹೇಳೇ ಇಲ್ಲ!"

"ಹೇಳೋಕ್ ಮುಂಚೇನೇ ಬೇಡ ಅಂದೆ."

ಫೋನಿನ ಆ ಕಡೆ ಹುಡುಗಿ ಉಸಿರು ಬಿಟ್ಟದ್ದು ಕೇಳಿಸಿತು. ಅವಳು ಮೆತ್ತಗೆ ಹೇಳಿದಳು, "ಆರು ಹುಡುಗೀರಲ್ಲಿ ಮುಂದೆ ನಿಲ್ಲೋ ಡೆಲ್ಫಿಯಾಳ ಅಮ್ಮ ಫೋನ್ ಮಾಡಿದ್ರು. ಕಾಲೇಜೇ ನಿಮ್ಗೆ ಜಾಗ ಕೊಡಲ್ಲ ಅಂದ್ಮೇಲೆ ನನ್ನ ಮಗಳು ಯಾಕೆ ಆ ಹೆಸರು ಹಣೆಗೆ ಅಂಟಿಸ್ಕೋಬೇಕು, ನಾಳೆ ಕೆಲಸ ಯಾರು ಕೊಡ್ತಾರೆ ಅಂತ. ಶನಿವಾರ ಆಗ್ಲಿಲ್ಲ ಅಂದ್ರೆ ಅವಳು ವಾಪಸ್ ಬರಲ್ಲ. ಅವಳ ಹಿಂದೆ ಇನ್ನೆಷ್ಟು ಜನ ಹೋಗ್ತಾರೋ."

ಅರ್ಲೀತಾ ಸೊಪ್ಪನ್ನು ನೀರಿನಿಂದೆತ್ತಿ ಹಿಂಡಿದಳು. ಗಂಡ ತೀರಿಕೊಂಡ ವಾರ ಈ ಅಡುಗೆಮನೆಯಲ್ಲಿ ಅವಳು ಒಂದು ಚಮಚವನ್ನೂ ಮುಟ್ಟಿರಲಿಲ್ಲ. ಎಲ್ಲೆಲ್ಲಿಂದಲೋ ಸೊರೋರ್‌ಗಳು ಬಂದು, ಏನನ್ನೂ ಕೇಳದೆ, ಯಾವ ಡಬ್ಬಿ ಎಲ್ಲಿದೆ ಎಂದು ಕೂಡ ಕೇಳದೆ ಕೆಲಸಕ್ಕೆ ಇಳಿದಿದ್ದರು. ಅವಳ ಕೂದಲನ್ನು ಕೂಡ ಯಾರೋ ಬಾಚಿ ಹೆಣೆದಿದ್ದರು. ಯಾರೆಂದು ಇವತ್ತಿಗೂ ನೆನಪಿಲ್ಲ, ಬೆನ್ನ ಹಿಂದೆ ಇದ್ದ ಬೆರಳುಗಳು ಮಾತ್ರ ನೆನಪಿವೆ. ಈ ಆರು ಹುಡುಗಿಯರಿಗೂ ಎಂದೋ ಒಂದು ದಿನ ಅಂಥ ಬೆರಳುಗಳು ಬೇಕಾಗುತ್ತವೆ. ಆಗ ಯಾರು ಬರುತ್ತಾರೆ?

"ನಾಳೆ ಹೋಗಿ ಕೇಳ್ತೀನಿ," ಅಂದಳು.

"ಎಲ್ಲಿಗೆ?"

"ಗೊತ್ತಿದ್ದೂ ಕೇಳ್ಬೇಡ ಕಣೆ."

ಊರಲ್ಲಿ ಹಲಗೆ ನೆಲದ ದೊಡ್ಡ ಜಾಗ ಉಳಿದಿದ್ದುದು ಒಂದೇ. ಬಹಳ ಹಿಂದೆ ಮುಚ್ಚಿದ ಸ್ಕೇಟಿಂಗ್ ಹಾಲ್. ಹಿಮ್ಮಡಿಯಿಂದ ಹೊಡೆದರೆ ಎದೆಯವರೆಗೂ ಮಾರ್ದನಿಸುವ ನೆಲ. ಅದನ್ನು ಕೊಂಡುಕೊಂಡವರು ಅಂಥದೇ ಇನ್ನೊಂದು ಸಂಘದ ಹೆಂಗಸರು, ಹಳದಿಯವರು. ಕೊಂಡ ವರ್ಷವೇ ಒಳಗೂ ಹೊರಗೂ ಹಳದಿ ಬಳಿದರು. ಕೀಲಿ ಇರುವುದು ವರ್ನೀಸ್ ಟಾಲಿವರ್ ಕೈಯಲ್ಲಿ.

ವರ್ನೀಸ್ ಮತ್ತು ಅರ್ಲೀತಾ ಕಾಲೇಜಿನ ಮೊದಲ ವರ್ಷ ಒಂದೇ ಕೋಣೆಯಲ್ಲಿದ್ದವರು, ಒಂದೇ ಇಸ್ತ್ರಿಪೆಟ್ಟಿಗೆ ಹಂಚಿಕೊಂಡವರು. ಎರಡನೆಯ ವರ್ಷ ಒಬ್ಬಳು ನೇರಳೆಯಾದಳು, ಒಬ್ಬಳು ಹಳದಿಯಾದಳು. ಆ ವಸಂತದ ಹೆಜ್ಜೆ ಸ್ಪರ್ಧೆಯಲ್ಲಿ ಅರ್ಲೀತಾ ತಿರುಗುವಾಗ ಕಾಲು ತಪ್ಪಿ ಬಿದ್ದಳು. ಮುಂದಿನ ಸರದಿ ಹಳದಿಯವರದು. ವರ್ನೀಸ್ ವೇದಿಕೆಗೆ ಬಂದವಳೇ ಅದೇ ತಿರುವು ತಿರುಗಿ, ಅದೇ ರೀತಿ ಬಿದ್ದು, ಬಿದ್ದಲ್ಲಿಂದಲೇ ಕೈಬೀಸಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಳದಿಯವರು ಗೆದ್ದರು. ಅಲ್ಲಿಂದೀಚೆಗೆ ಅರ್ಲೀತಾಳ ಮನೆಗೆ ಹಳದಿ ಬಣ್ಣದ ಒಂದು ಟವೆಲ್ಲೂ ಬಂದಿಲ್ಲ. ಚರ್ಚಿನಲ್ಲಿ ಇಬ್ಬರೂ "ಗುಡ್ ಮಾರ್ನಿಂಗ್ ಸಿಸ್ಟರ್ ಟಾಲಿವರ್", "ಗುಡ್ ಮಾರ್ನಿಂಗ್ ಸಿಸ್ಟರ್ ಬಿನ್ಯನ್" ಎನ್ನುತ್ತಾರೆ, ದೇವರು ಕೇಳಿಸಿಕೊಳ್ಳಲಿ ಎಂದು.

ಗುರುವಾರ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೋಗುವ ಮೊದಲು ಅರ್ಲೀತಾ ಸ್ಕೇಟಿಂಗ್ ಹಾಲಿನ ಬಾಗಿಲಲ್ಲಿ ಕಾರು ನಿಲ್ಲಿಸಿದಳು. ಬಾಗಿಲು ತೆರೆದೇ ಇತ್ತು. ಒಳಗೆ ವರ್ನೀಸ್ ತಲೆಗೆ ಬಟ್ಟೆ ಕಟ್ಟಿಕೊಂಡು ನೆಲ ಒರೆಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಕೋಲನ್ನು ಗಲ್ಲಕ್ಕೆ ಆನಿಸಿಕೊಂಡಳು.

"ಯಾರಿದು? ನಂಗೆ ಕನ್ನಡಕ ಬದಲಾಯಿಸೋ ಕಾಲ ಬಂತಾ?"

"ಗುಡ್ ಮಾರ್ನಿಂಗ್, ವರ್ನೀಸ್."

"ಹೊಸಿಲು ದಾಟ್ಬೇಡ, ಮೈಗೆ ಹಳದಿ ಹತ್ಕೊಂಡೀತು."

"ದಾಟ್ದೇ ಇದ್ರೆ ಮಾತಾಡೋದ್ ಹೇಗೆ?"

"ಇಷ್ಟು ವರ್ಷ ಮಾತಾಡ್ದೇ ಇದ್ದೋಳು ಈಗ ಮಾತಾಡ್ತೀಯಾ?" ವರ್ನೀಸ್ ಬಕೆಟ್ಟನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದಳು. "ಬಾ. ಒದ್ದೆ ಇದೆ, ನೋಡ್ಕೊಂಡು ಕಾಲಿಡು. ಬಿದ್ರೆ ಮತ್ತೆ ನನ್ನೇ ಬೈತೀಯ."

ಅರ್ಲೀತಾಳ ಕಿವಿ ಬಿಸಿಯಾಯಿತು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಡೆಲ್ಫಿಯಾಳ ಅಮ್ಮನ ಮಾತು ನೆನಪಾಗಿ ನಿಂತಳು.

"ನಮ್ಮ ಹುಡುಗೀರಿಗೆ ಶನಿವಾರ ಜಾಗ ಇಲ್ಲ," ಅಂದಳು.

"ಕೇಳ್ದೆ."

"ಹಾಗಾದ್ರೆ ನಾನ್ಯಾಕೆ ಬಂದಿದೀನಿ ಅಂತಾನೂ ಗೊತ್ತು."

"ಗೊತ್ತು. ಆದ್ರೂ ಬಾಯ್ಬಿಟ್ಟು ಕೇಳು. ನಾನು ಇಷ್ಟ್ ವರ್ಷ ಕಾದಿದೀನಿ ಇದಕ್ಕೆ."

ಅರ್ಲೀತಾ ಕೇಳಿದಳು. ಕೇಳುವಾಗ ಗೋಡೆ ನೋಡಿದಳು, ಗೋಡೆ ಹಳದಿಯಾಗಿತ್ತು. ಸೂರು ನೋಡಿದಳು, ಅದೂ ಹಳದಿ. ಕೊನೆಗೆ ವರ್ನೀಸಳ ಮುಖವನ್ನೇ ನೋಡಬೇಕಾಯಿತು. "ಶನಿವಾರ ಮಧ್ಯಾಹ್ನ ನಮ್ಮ ಮಕ್ಕಳಿಗೆ ನಿಮ್ಮ ನೆಲ ಕೊಡು, ವರ್ನೀಸ್."

ವರ್ನೀಸ್ ನಗುತ್ತಾಳೆ ಎಂದುಕೊಂಡಿದ್ದಳು. ವರ್ನೀಸ್ ನಗಲಿಲ್ಲ. ಕೋಲನ್ನು ಬಕೆಟ್ಟಿಗೆ ಇಳಿಬಿಟ್ಟಳು.

"ನಿಮ್ಮ ಬಾಗಿಲ ಬೋರ್ಡು ಕಿತ್ತೋನೇ ನಮ್ಮದನ್ನೂ ಕಿತ್ತ, ಗೊತ್ತಾ? ಒಂದೇ ದಿನ, ಒಂದೇ ಸ್ಕ್ರೂಡ್ರೈವರಲ್ಲಿ. ಇದು ನೇರಳೆ, ಇದು ಹಳದಿ ಅಂತ ಅವನು ನೋಡ್ಲೂ ಇಲ್ಲ. ನಾನು ಅಲ್ಲೇ ನಿಂತಿದ್ದೆ. ಅಯ್ಯಾ, ಕನಿಷ್ಠ ಬೇರೆ ಬೇರೆ ಡಬ್ಬಕ್ಕಾದ್ರೂ ಹಾಕೋ ಅಂತ ಹೇಳ್ಬೇಕು ಅನ್ನಿಸ್ತು." ಕೈ ಒರೆಸಿಕೊಂಡಳು. "ತಗೋ. ಶುಕ್ರವಾರ ನೆಲಕ್ಕೆ ಎಣ್ಣೆ ಹಾಕಿಸ್ತೀನಿ. ಆದ್ರೆ ಒಂದು ಮಾತು. ನನ್ನ ಗೋಡೆಗೆ ನೇರಳೆ ಅಂತ ಒಂದು ದಾರ ಕಟ್ಟಿದ್ರೂ ನಾನೇ ಕಿತ್ತು ಬಿಸಾಕ್ತೀನಿ."

ಬುಧವಾರ ಸಂಜೆಯಿಂದ ಅರ್ಲೀತಾಳ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ಇಳಿದ ರಭಸಕ್ಕೆ ನಾಲಿಗೆಯೂ ಹತೋಟಿ ತಪ್ಪಿತು.

"ಥ್ಯಾಂಕ್ ಯೂ, ಸೊರೋರ್," ಅಂದುಬಿಟ್ಟಳು ಅರ್ಲೀತಾ.

ವರ್ನೀಸ್ ತಟ್ಟನೆ ತಲೆಯೆತ್ತಿದಳು.

"ಏನಂದೆ?"

"ಏನಿಲ್ಲ."

"ಅಂದೆ. ನಂಗೆ ಕೇಳಿಸ್ತು."

"ಬಾಯ್ ತಪ್ಪಿ ಬಂತು. ದಿನಾ ಹುಡುಗೀರ ಜೊತೆ ಮಾತಾಡಿ ಮಾತಾಡಿ..."

"ಯಾರಿಗೂ ಹೇಳಲ್ಲ ಬಿಡು," ಅಂದಳು ವರ್ನೀಸ್, ಕೋಲನ್ನೆತ್ತಿಕೊಂಡು. "ನಿನ್ನ ಮಾನ ಉಳಿಸೋಕಲ್ಲ, ನನ್ನ ಮಾನಕ್ಕೆ. ನೇರಳೆಯವಳ ಬಾಯಲ್ಲಿ ಸೊರೋರ್ ಅನ್ನಿಸ್ಕೊಂಡೆ ಅಂದ್ರೆ ನಮ್ಮವರು ನನ್ನನ್ನೇ ಈ ಹಾಲ್‌ನಿಂದ ಹೊರಗೆ ಹಾಕ್ತಾರೆ." ಒರೆಸಲು ಬಗ್ಗಿದ ಅವಳ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾಳೆಂದು ಅರ್ಲೀತಾಳಿಗೆ ಅನ್ನಿಸಿತು, ಆದರೆ ಮುಖ ಕಾಣಿಸಲಿಲ್ಲ.

ಶನಿವಾರ ಮಳೆ ಬಂತು. ಜನ ಬರುತ್ತಾರೋ ಇಲ್ಲವೋ ಎಂದು ಅರ್ಲೀತಾ ಹತ್ತು ಸಲ ಬಾಗಿಲಿಗೆ ಹೋಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದವರು ಹೆದರಿ ಬರಲಾರರು. ಬರುವವರು ಕೂಡ ಹಳದಿ ಗೋಡೆ ನೋಡಿ ದಾರಿ ತಪ್ಪಿದೆವೆಂದು ವಾಪಸು ಹೋದರೆ?

ಯಾರೂ ವಾಪಸು ಹೋಗಲಿಲ್ಲ. ಮೊದಲು ಬಂದದ್ದು ಅಜ್ಜಿಯರು, ಚರ್ಚಿಗೆ ಹೋಗುವ ಟೋಪಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಕೊಂಡು. ಆಮೇಲೆ ಗಂಡುಮಕ್ಕಳ ಸಂಘದವರು ಹೆಜ್ಜೆಗೆ ತಾಳ ಹಾಕುವ ಕೋಲುಗಳನ್ನು ತಿರುಗಿಸುತ್ತ ಬಂದರು. ಆಮೇಲೆ ತಂದೆತಾಯಂದಿರು, ತಮ್ಮಂದಿರು, ತಂಗಿಯರು, ಕ್ಯಾಂಪಸ್ಸಿನ ಹುಡುಗ ಹುಡುಗಿಯರು. ವಿಶ್ವವಿದ್ಯಾಲಯದ ಗ್ರಂಥಾಲಯದ ಹೆಂಗಸೊಬ್ಬಳು ಕೂಡ ಬಂದು, ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ಮುಂದಿನ ಸಾಲಲ್ಲೇ ಕೂತಳು. ಅರ್ಲೀತಾಳ ಹಳೆಯ ಸೊರೋರ್ ಒಬ್ಬಳು ಸುತ್ತ ನೋಡಿ, "ಅರ್ಲೀತಾ, ಹಳದಿ ಬಾಣಲೆಗೆ ಬದನೆಕಾಯಿ ಸುರಿದ ಹಾಗಿದೀವಲ್ಲೇ ನಾವೆಲ್ಲ!" ಅಂದಳು. ಗೋಡೆಗೆ ಒಂದು ದಾರವನ್ನೂ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೂ ಇರಲಿಲ್ಲ, ಇಡೀ ಹಾಲ್ ನೇರಳೆ ಉಟ್ಟ ಹೆಂಗಸರಿಂದ ತುಂಬಿತ್ತು.

ಆರು ಹುಡುಗಿಯರು ಬೆಳ್ಳಿ ಬಣ್ಣದ ಮುಸುಕು ಹಾಕಿಕೊಂಡು, ಗಿಡ್ಡವಳು ಮುಂದೆ, ಎತ್ತರದವಳು ಹಿಂದೆ, ಒಬ್ಬಳ ಬೆನ್ನಿಗೆ ಒಬ್ಬಳು ಅಂಟಿಕೊಂಡು ಬಂದರು. ಮೊದಲ ಹೆಜ್ಜೆ ಬಿದ್ದಾಗ ನೆಲ ಗುಡುಗಿತು. ಅರ್ಲೀತಾಳ ಅಂಗಾಲಿನಿಂದ ಮೊಣಕಾಲಿಗೆ ಏನೋ ಹರಿದುಬಂತು. ಹೌದು, ಇದು ಬೇಕಿತ್ತು. ಕಾಲೇಜಿನ ಹಾಲಿನ ಸಿಮೆಂಟು ನೆಲದಲ್ಲಿ ಇಷ್ಟು ಸದ್ದು ಎಂದೂ ಬಂದಿರಲಿಲ್ಲ.

ಮುಂದಿದ್ದವಳು ಡೆಲ್ಫಿಯಾ. ಹೆಜ್ಜೆ ಮುಗಿಯಿತು, ಮುಸುಕು ತೆಗೆದಳು, ಬಾಯಿ ತೆರೆದಳು. ಏನೂ ಬರಲಿಲ್ಲ. ಕಣ್ಣು ಸೀದಾ ಗುಂಪಿನಲ್ಲಿದ್ದ ತಾಯಿಯ ಮೇಲೆ ನಿಂತಿತ್ತು. ತಾಯಿ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಯಾರೋ ಹುಡುಗ ಕಿಸಕ್ಕೆಂದ.

ಆಗ ಹಿಂದಿನಿಂದ, ಅಡುಗೆಕೋಣೆಯ ಬಾಗಿಲ ಕಡೆಯಿಂದ, ಟಕ್ ಎಂದು ಒಂದು ಸದ್ದು ಬಂತು. ಮತ್ತೆ ಟಕ್. ವರ್ನೀಸ್ ಏಪ್ರನ್ನಿನಲ್ಲಿ ನಿಂತು, ನೆಲ ಒರೆಸುವ ಕೋಲನ್ನು ತಿರುವಿ ಹಿಡಿದು, ಹಲಗೆಗೆ ತಾಳ ಹಾಕುತ್ತಿದ್ದಳು. ಹಳದಿಯವರ ತಾಳವಲ್ಲ, ನೇರಳೆಯವರದೇ ತಾಳ. ಇಷ್ಟು ವರ್ಷ ಅಣಕಿಸಲೆಂದು ಕಲಿತದ್ದೋ ಏನೋ, ಒಂದು ಪೆಟ್ಟೂ ತಪ್ಪಲಿಲ್ಲ. ಅಜ್ಜಿಯರು ಕಾಲು ಸೇರಿಸಿದರು. ಗಂಡುಮಕ್ಕಳ ಕೋಲುಗಳು ಸೇರಿದವು. ಇಡೀ ನೆಲ ಡೆಲ್ಫಿಯಾಳಿಗಾಗಿ ಕಾಯತೊಡಗಿತು.

"ಡೆಲ್ಫಿಯಾ ರೇ ಹ್ಯಾರೊಗೇಟ್!" ಎಂದು ಹುಡುಗಿ ಕೂಗಿದಳು. ಸೂರಿನ ತಗಡು ಅದುರುವಂತೆ ಕೂಗಿದಳು. ತಾಯಿಯ ಕೈಚೀಲ ಕೆಳಗೆ ಬಿತ್ತು. ಅವಳು ಎದ್ದು ನಿಂತು ಎರಡೂ ಕೈಯೆತ್ತಿ, "ಅದು ನನ್ನ ಮಗಳು! ನನ್ನ ಮಗಳು ಅದು!" ಅನ್ನುತ್ತಿದ್ದಳು. ಅರ್ಲೀತಾ ಗೋಡೆಗೆ ಒರಗಿದಳು. ಆರನೆಯ ಹೆಸರು ಕೇಳಿದಾಗ ಅವಳಿಗೆ ತಾನು ಎಷ್ಟು ಹೊತ್ತಿನಿಂದ ಹಲ್ಲು ಕಚ್ಚಿಕೊಂಡಿದ್ದೆ ಎಂಬುದು ತಿಳಿಯಿತು. ದವಡೆ ನೋಯುತ್ತಿತ್ತು. ಅಳು ಬಂತು, ತಡೆಯಲು ಹೋಗಲಿಲ್ಲ.

ಊಟ ಮುಗಿದ ಮೇಲೆ, ಹುಡುಗಿಯರು ಇನ್ನೂ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ಅರ್ಲೀತಾ ಪಾತ್ರೆಗಳನ್ನು ಎತ್ತಿಕೊಂಡು ಅಡುಗೆಕೋಣೆಗೆ ಹೋದಳು. ವರ್ನೀಸ್ ಮೀನು ಹುರಿದ ಬಾಣಲೆಗಳ ಮುಂದೆ ನಿಂತಿದ್ದಳು.

"ನಮ್ಮ ತಾಳ ನಿಂಗೆ ಹೇಗೆ ಗೊತ್ತು?"

"ಪಕ್ಕದ ಹಾಸಿಗೇಲಿ ಮಲಗ್ತಿದ್ದೋಳು ನಿದ್ದೇಲೂ ಗೋಡೆಗೆ ಒದೀತಿದ್ರೆ ಕಲೀದೇ ಇರೋಕಾಗುತ್ತಾ?"

ಅರ್ಲೀತಾ ನಕ್ಕಳು. ತಟ್ಟೆಗಳಲ್ಲಿ ಉಳಿದದ್ದನ್ನು ಕಸದ ಬುಟ್ಟಿಗೆ ಸುರಿಯುತ್ತ ಸಹಜವಾಗಿ ಕೇಳಿದಳು, "ನಿಮ್ಮ ಹುಡುಗೀರ ಮುಸುಕು ಯಾವಾಗ? ಈ ತಿಂಗಳ ಕೊನೇಲಾ? ನಾವೂ ಬರ್ತೀವಿ. ಸದ್ದು ಮಾಡೋಕೆ ಜನ ಬೇಕಲ್ಲ."

ವರ್ನೀಸ್ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಈ ಸಲ ಇಲ್ಲ."

"ಜಾಗ ನಿಮ್ದೇ ಇದೆ."

"ಜಾಗ ಇದೆ, ಹುಡುಗೀರಿಲ್ಲ. ಇಬ್ಬರು ಬರ್ತೀವಿ ಅಂದಿದ್ರು. ಒಬ್ಬಳಿಗೆ ಅಪ್ಪ ಬೇಡ ಅಂದ. ಇನ್ನೊಬ್ಬಳು ಫೋನೇ ಎತ್ಲಿಲ್ಲ. ಕ್ಯಾಂಪಸ್ಸಲ್ಲಿ ನಮ್ಮವಳು ಅಂತ ಉಳಿದಿರೋಳು ಒಬ್ಬಳೇ, ಅವಳೂ ಮೇ ತಿಂಗಳಿಗೆ ಹೋಗ್ತಾಳೆ." ನಲ್ಲಿ ತಿರುಗಿಸಿದಳು. "ಎಷ್ಟು ಚೆನ್ನಾಗಿರೋ ನೆಲ. ಸುಮ್ನೆ ಬಿದ್ದಿರ್ತಿತ್ತು."

ಅರ್ಲೀತಾ ಇನ್ನೊಂದು ತಟ್ಟೆ ಎತ್ತಿಕೊಂಡಳು. ಗುರುವಾರ ಬೆಳಿಗ್ಗೆ ಈ ಹೆಂಗಸು ತನ್ನ ಸಂಘವೇ ಖಾಲಿಯಾಗುತ್ತಿರುವುದು ಗೊತ್ತಿದ್ದೇ ಅರ್ಲೀತಾಳೆದುರು ನಿಂತಿದ್ದಳು, ತಮಾಷೆ ಮಾಡಿದ್ದಳು, ನೆಲಕ್ಕೆ ಎಣ್ಣೆ ಹಾಕಿಸುತ್ತೇನೆ ಅಂದಿದ್ದಳು. ಏನಾದರೂ ಹೇಳಬೇಕು ಅನ್ನಿಸಿತು. ಹೇಳಿದರೆ ವರ್ನೀಸ್ ಸಿಟ್ಟಾಗುತ್ತಾಳೆ ಎಂಬುದೂ ಗೊತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಳು. ಪ್ರದರ್ಶನದ ಉದ್ದಕ್ಕೂ ಕುರ್ಚಿ ಬಿಟ್ಟು ಎದ್ದು ನಿಂತೇ ಇದ್ದವಳು, ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗಿದ್ದವಳು.

"ಮ್ಯಾಮ್, ನನ್ನ ಹೆಸರು ಜೋನೆಲ್. ಫಸ್ಟ್ ಇಯರ್. ನಿಮ್ಮ ನೇರಳೆ ಸಂಘಕ್ಕೆ ಸೇರ್ಬೇಕು ಅಂದ್ರೆ ಏನ್ ಮಾಡ್ಬೇಕು?"

ವರ್ನೀಸ್ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಇದನ್ನ ಹೀಗೆ ನಡುಬೀದೀಲಿ ನಿಂತು ಕೇಳ್ತಾರೇನೇ? ಒಂದು ವರ್ಷ ಸುಮ್ನೆ ಹಿಂದೆಮುಂದೆ ಸುತ್ತಿ, ಮುಖ ತೋರಿಸಿ, ಆಮೇಲೆ ಕಿವೀಲಿ ಕೇಳೋದು. ನಿಂಗೆ ಯಾರೂ ಹೇಳ್ಕೊಡ್ಲಿಲ್ವಾ?"

"ನಮ್ಮನೇಲಿ ಕಾಲೇಜಿಗೆ ಬಂದೋಳು ನಾನೇ ಮೊದಲು. ಹೇಳ್ಕೊಡೋರು ಯಾರು?" ಅಂದಳು ಹುಡುಗಿ, ಸ್ವಲ್ಪವೂ ಕುಗ್ಗದೆ. ಅಂದವಳೇ ತೋಳು ಮಡಚಿ, ಸಿಂಕಿನಿಂದ ಒಂದು ಬಾಣಲೆ ಎತ್ತಿ ಸೋಪು ಸುರಿದಳು.

"ಏಯ್! ಕಬ್ಬಿಣದ ಬಾಣಲೆಗೆ ಸೋಪಾ!"

"ನಮ್ಮಜ್ಜಿ ಹಾಕ್ತಾರೆ."

"ನಿಮ್ಮಜ್ಜಿಗೆ ಗೊತ್ತಿಲ್ಲ."

"ನಮ್ಮಜ್ಜಿ ಮಾಡಿದ ಮೀನು ತಿಂದಿದ್ರೆ ನೀವ್ ಈ ಮಾತು ಆಡ್ತಿರ್ಲಿಲ್ಲ. ಇವತ್ತಿನದು ಸ್ವಲ್ಪ ಉಪ್ಪು ಜಾಸ್ತಿ ಆಗಿತ್ತು, ಮ್ಯಾಮ್. ಬೇಜಾರ್ ಮಾಡ್ಕೋಬೇಡಿ."

ವರ್ನೀಸ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಕ್ಕಳು. ಹೊಟ್ಟೆಯಿಂದ ಹೊರಟು, ಸಿಂಕು ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಗುವ ನಗು. ಆ ನಗುವಿನ ಪಕ್ಕದಲ್ಲಿ ಅರ್ಲೀತಾ ಒಂದು ವರ್ಷ ಮಲಗಿದ್ದಳು. "ಬಾ ಇಲ್ಲಿ, ಬಾಯಿಬಡುಕಿ," ಅಂದಳು ವರ್ನೀಸ್. "ಬಟ್ಟೇಲಿ ಒರೆಸ್ಬೇಡ, ಒಲೆ ಮೇಲಿಟ್ಟು ಒಣಗಿಸ್ಬೇಕು. ನೋಡ್ಕೋ."

ಇಬ್ಬರ ತಲೆಗಳೂ ಒಲೆಯ ಮೇಲೆ ಬಾಗಿದವು. ಎಣ್ಣೆ ಎಷ್ಟು ಸವರಬೇಕು ಎಂಬುದಕ್ಕೆ ಮತ್ತೆ ವಾದ ಶುರುವಾಯಿತು.

ಅರ್ಲೀತಾ ತಟ್ಟೆ ಹಿಡಿದು ನಿಂತೇ ಇದ್ದಳು. ಮುಂದಿನ ಶರತ್ಕಾಲಕ್ಕೆ ನೇರಳೆಯವರು ಸಂಘಕ್ಕೆ ಸೇರಬಲ್ಲ ಹೊಸ ಹುಡುಗಿಯರನ್ನು ಚಹಾಕ್ಕೆ ಕರೆಯುತ್ತಾರೆ. ಇಂಥ ಹುಡುಗಿ ಕಣ್ಣಿಗೆ ಬಿದ್ದರೆ ಬೇರೆಯವರು ನೋಡುವ ಮೊದಲೇ ಕೈಹಿಡಿದು ಕರೆದುಕೊಂಡು ಹೋಗುವುದು ಅವಳ ಕೆಲಸ. ಇಷ್ಟು ವರ್ಷ ಆ ಕೆಲಸ ಮಾಡಿದ್ದಾಳೆ. ಒಬ್ಬಳನ್ನೂ ಹಳದಿಯವರಿಗೆ ಬಿಟ್ಟುಕೊಟ್ಟಿಲ್ಲ.

"ಸೊರೋರ್ ಬಿನ್ಯನ್!" ಜಕೀಯಾ ಬಾಗಿಲಲ್ಲಿ ಇಣುಕಿದಳು, ಮುಖವೆಲ್ಲ ನಗು. ಜೋನೆಲಳನ್ನು ಕಂಡು ದನಿ ತಗ್ಗಿಸಿದಳು. "ಅವಳು ನಮ್ಮನ್ನ ಕೇಳ್ಕೊಂಡು ಬಂದಿದ್ದಲ್ವಾ? ಎಷ್ಟ್ ಚುರುಕಾಗಿದಾಳೆ. ಏನ್ ಹೇಳಿದ್ರಿ ಅವಳಿಗೆ?"

"ಇನ್ನೂ ಏನೂ ಹೇಳಿಲ್ಲ."

"ಚಹಾಕ್ಕೆ ಕರೀತೀರಲ್ವಾ?"

"ಹೋಗಿ ಹುಡುಗೀರನ್ನ ಕಾರಿಗೆ ಹತ್ತಿಸು. ಒದ್ದೆ ಶೂನಲ್ಲಿ ಈ ನೆಲದ ಮೇಲೆ ಯಾರೂ ಓಡಾಡ್ಬಾರ್ದು ಅಂತ ಹೇಳು."

ಜಕೀಯಾ ಹೋದಳು. ಅರ್ಲೀತಾ ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ಒರೆಸಿ ಉಳಿದವುಗಳ ಮೇಲಿಟ್ಟಳು. ಈ ಹುಡುಗಿಯನ್ನು ತಾನು ಕರೆಯುವುದಿಲ್ಲ. ಕೇಳಿದರೆ, ಗುರುವಾರ ಬೆಳಿಗ್ಗೆ ಇಲ್ಲಿಗೆ ಬಂದು ನೆಲ ಒರೆಸಲು ಕೈಜೋಡಿಸು, ಉಳಿದದ್ದು ತಾನಾಗಿ ಗೊತ್ತಾಗುತ್ತದೆ ಎಂದಷ್ಟೇ ಹೇಳಬೇಕು. ವರ್ನೀಸಳಿಗೆ ಇದು ಎಂದೂ ತಿಳಿಯಬಾರದು. ಜಕೀಯಾಳಿಗಂತೂ ಖಂಡಿತ ಬೇಡ.

ಹೊರಗೆ ಹುಡುಗಿಯರು ಮಳೆಯಲ್ಲಿ ತಮ್ಮ ತಮ್ಮ ಹೆಸರುಗಳನ್ನು ಮತ್ತೆ ಮತ್ತೆ ಕೂಗಿ ಹೇಳಿಕೊಂಡು ನಗುತ್ತಿದ್ದರು. ಅರ್ಲೀತಾ ಕೋಟು ಹಾಕಿಕೊಂಡು, ಒಲೆಯ ಮುಂದಿನ ಇಬ್ಬರಿಗೂ ಗುಡ್ ನೈಟ್ ಹೇಳಿ ಹೊರಟಳು. ವಾದದಲ್ಲಿ ಮುಳುಗಿದ್ದ ಅವರಿಗೆ ಅದು ಕೇಳಿಸಲಿಲ್ಲ.